ಏಳನೆಯ ಚೀಟಿ

ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿದೆ, ಬೆರಳಿನಿಂದ ಮೊಣಕೈಗೆ ಇಳಿಯಬೇಕು, ತಿರುಗಿ ಬೆರಳಿಗೆ ಬರಬಾರದು, ಅದಕ್ಕೇ ಎರಡು ಕೈಯನ್ನೂ ಎದೆಯ ಮುಂದೆ ಎತ್ತಿ ಹಿಡಿದು ನಿಂತಿದ್ದೇನೆ, ನೋಡಿದವರಿಗೆ ಈ ಮುದುಕಿ ಏನನ್ನೋ ಬೇಡುತ್ತಿದ್ದಾಳೆ ಅನ್ನಿಸಬೇಕು — ಬೇಡುತ್ತಿಲ್ಲ. ಮೊದಲು ಬೇಡುತ್ತಿದ್ದೆ. ಒಂದೊಂದು ಬೆರಳಿಗೂ ದೇವರ ಒಂದೊಂದು ಹೆಸರು, ಹೆಬ್ಬೆರಳಿಗೆ ಒಂದು, ತೋರುಬೆರಳಿಗೆ ಒಂದು, ಹತ್ತು ಬೆರಳು ಮುಗಿದು ಅಂಗೈ, ಮಣಿಕಟ್ಟು ದಾಟಿ ಮೊಣಕೈಗೆ ಬರುವಷ್ಟರಲ್ಲಿ ಸರಿಯಾಗಿ ಐದು ನಿಮಿಷ, ಗೋಡೆಯ ಗಡಿಯಾರ ನೋಡಬೇಕಾಗಿರಲಿಲ್ಲ, ಮೂವತ್ತೊಂದು ವರ್ಷ ಹಾಗೆಯೇ ತೊಳೆದೆ, ಹೇಳಿಕೊಟ್ಟವಳು ಅಕ್ಕ. ಈಗ ಗಡಿಯಾರ ನೋಡುತ್ತೇನೆ. ಅಕ್ಕ ಹೋಗಿ ಇವತ್ತಿಗೆ ನಲವತ್ತೊಂದು ದಿನ, ಅಂದಿನಿಂದ ಆ ಹೆಸರುಗಳು ನಾಲಿಗೆಯ ತನಕ ಬಂದು ನಿಲ್ಲುತ್ತವೆ, ಮರೆತಿಲ್ಲ, ಮರೆತಿದ್ದರೆ ಅದಕ್ಕೊಂದು ಕಾರಣವಾದರೂ ಇರುತ್ತಿತ್ತು, ನಾನೇ ಕರೆಯುತ್ತಿಲ್ಲ, ಅವಳಿಗೆ ಕರೆಯಲಾಗದೆ ಹೋದ ಹೆಸರನ್ನು ನಾನು ಯಾವ ಬಾಯಿಂದ ಕರೆಯಲಿ. ಕಿರುಬೆರಳು ಉಜ್ಜಿದೆನೇ, ಇಲ್ಲವೇ, ಇನ್ನೊಮ್ಮೆ ಉಜ್ಜು. ಗಾಜಿನ ಆಚೆ ಪೋಸ್ಟಮ್ಮ ಮಲಗಿದ್ದಾಳೆ, ಇಪ್ಪತ್ತು ವರ್ಷ ಬಾಗಿಲು ಬಾಗಿಲಿಗೆ ಕಾಗದ ಹಂಚಿದವಳು, ಎಡಗಿವಿಯ ಮುಂದೆ, ಮಿದುಳಿನ ತುದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ, ಅಕ್ಕನಿಗೆ ಇದ್ದ ಜಾಗದಲ್ಲೇ, ಅಂಗುಲವೂ ಆಚೀಚೆ ಇಲ್ಲ. ಸ್ಕ್ಯಾನಿನ ಚಿತ್ರ ಮೊದಲು ನೋಡಿದ ದಿನ ಇದನ್ನು ಬೇರೆಯವರಿಗೆ ಕೊಟ್ಟುಬಿಡೋಣ ಅಂದುಕೊಂಡೆ. ಕೊಡಲಿಲ್ಲ. ನೀರು ನಿಲ್ಲಿಸಿದೆ, ಬೆನ್ನಿನಿಂದ ಬಾಗಿಲು ತಳ್ಳಿದೆ, ಈ ಬಾಗಿಲನ್ನು ನಾನು ಯಾವತ್ತೂ ಮುಖ ಮುಂದೆ ಮಾಡಿ ದಾಟಿದವಳಲ್ಲ.

ನಿಲುವಂಗಿ, ಕೈಗವಸು, ಆಮೇಲೆ ಮಣೆ. ಸ್ಟೀಲಿನ ಮಣೆ, ನಾಲ್ಕು ಕಾಲಿಗೂ ರಬ್ಬರು, ಒಂದು ರಬ್ಬರು ಮಾತ್ರ ಬೇರೆ ಬಣ್ಣದ್ದು, ನನ್ನ ಎತ್ತರ ನಾಲ್ಕಡಿ ಹತ್ತಂಗುಲ, ಇದರ ಮೇಲೆ ಹತ್ತದೆ ಯಾರ ತಲೆಯೂ ನನಗೆ ಕಾಣಿಸುವುದಿಲ್ಲ. ಈ ವಿಭಾಗಕ್ಕೆ ಕಲಿಯಲು ಬಂದ ಮೊದಲ ದಿನ ಒಂಬತ್ತು ಗಂಡಸರ ನಡುವೆ ನಿಂತಿದ್ದೆ, ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ನನ್ನನ್ನಲ್ಲ, ನನ್ನ ಪಕ್ಕದವನನ್ನು ಕೇಳಿದರು, ಇವಳಿಗೆ ಇಲ್ಲಿ ಮಣೆ ಹಾಕಿದ್ದು ಯಾರಪ್ಪಾ? ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ತಂದೆಯ ಹಾಗೆ ಮೆತ್ತಗೆ, ಕಣ್ಣಿನ ಡಾಕ್ಟರಾಗಮ್ಮ, ಚರ್ಮದ ಡಾಕ್ಟರಾಗು, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದು, ಇಲ್ಲಿ ಹನ್ನೆರಡು ಗಂಟೆ ನಿಂತಲ್ಲೇ ನಿಲ್ಲಬೇಕು, ನೀರೂ ಇಲ್ಲ, ಇನ್ನೊಂದೂ ಇಲ್ಲ. ಮೆತ್ತಗೆ ಹೇಳಿದ್ದರಿಂದಲೇ ಹೆಚ್ಚು ನೋವಾಯಿತು. ಮನೆಗೆ ಹೋಗಿ ಅತ್ತೆ. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು, ಅಪ್ಪನ ಕೈ ನಡುಗಲು ಶುರುವಾದ ಮೇಲೆ ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಅಪ್ಪನ ಕುರ್ಚಿಗೆ ಅವಳೇ ಕೂತಳು, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನನ್ನನ್ನು ಓದಿಸಿದಳು. ಅತ್ತದ್ದನ್ನು ನೋಡಿಯೂ ಮಸೂರ ತೆಗೆಯಲಿಲ್ಲ. ಸೋಮವಾರ ಬೆಳಿಗ್ಗೆ ನೋಡಿದರೆ ವಿಭಾಗದ ಬಾಗಿಲಲ್ಲಿ ನಿಂತಿದ್ದಾಳೆ, ಕಂಕುಳಲ್ಲಿ ಹಳೆಯ ಪೇಪರು ಸುತ್ತಿದ ಗಂಟು, ಗೇಟು ಮಾಡುವವನ ಹತ್ತಿರ ಬೆಸುಗೆ ಹಾಕಿಸಿದ ಈ ಮಣೆ. ಮೇಷ್ಟ್ರು ಬಂದರು. ನಮಸ್ಕಾರ ಸಾರ್, ಇವಳಿಗೆ ಮಣೆ ಹಾಕಿದ್ದು ನಾನು, ಎಲ್ಲಿ ಹಾಕಲಿ ಹೇಳಿ, ಅಂದಳು. ಮೇಷ್ಟ್ರೇ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಅಂದಿನಿಂದ ನಾನು ಮಣೆ ಡಾಕ್ಟರು. ಎರಡು ವರ್ಷ ಬರೀ ರಕ್ತ ಹೀರುವ ನಳಿಗೆ ಹಿಡಿದು ನಿಂತೆ, ರೋಗಿಗಳ ಮನೆಯವರು ನನ್ನನ್ನೇ ತಡೆದು ದೊಡ್ಡ ಡಾಕ್ಟರು ಯಾವಾಗ ಬರ್ತಾರೆ ಸಿಸ್ಟರ್ ಅಂತ ಕೇಳುತ್ತಿದ್ದರು, ಬರ್ತಾರೆ ಕೂತ್ಕೊಳ್ಳಿ ಅನ್ನುತ್ತಿದ್ದೆ, ಮೂರನೆಯ ವರ್ಷ ಮೇಷ್ಟ್ರು ಮೂಳೆ ಕೊರೆಯುವ ಯಂತ್ರ ನನ್ನ ಕೈಗೆ ಕೊಟ್ಟರು, ಮೂಳೆ ಮುಗಿಯೋದು ಕೈಗೆ ತಿಳೀಬೇಕು, ಕಣ್ಣಿಗಲ್ಲ. ನನ್ನ ಕೈಗೆ ತಿಳಿಯಿತು. ಎಲ್ಲಿ ಕಲಿತೆ ಅಂದರು. ಗಡಿಯಾರದ ಅಂಗಡೀಲಿ ಸಾರ್. ಎಂಟು ವರ್ಷದವಳಿದ್ದಾಗಲೇ ಅಕ್ಕ ನನ್ನ ಕೈಗೆ ಚಿಮಟ ಕೊಟ್ಟಿದ್ದಳು, ಸಾಸಿವೆಗಿಂತ ಸಣ್ಣ ತಿರುಪು, ಉಸಿರು ಬಿಟ್ಟೆಯೋ ಹಾರಿಹೋಗುತ್ತೆ ಚೋಟಿ, ಹುಡುಕೋಕೆ ಇಡೀ ದಿನ ಬೇಕು.

ಚೋಟಿ. ಚೋಟುದ್ದ ಇದ್ದೆನಂತೆ. ಆ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವಳು ಪ್ರಪಂಚದಲ್ಲಿ ಒಬ್ಬಳೇ.

ಚರ್ಮ ತೆರೆದಾಯಿತು, ಮೂಳೆಯ ಬಿಲ್ಲೆ ತೆಗೆದು ಉಪ್ಪುನೀರಿನಲ್ಲಿ ಇಟ್ಟಾಯಿತು, ಪೊರೆ ಸೀಳಿ ನಾಲ್ಕು ಕಡೆ ದಾರದಿಂದ ಎಳೆದು ಕಟ್ಟಿದ್ದೇನೆ, ಮಿದುಳು ಕಾಣುತ್ತಿದೆ, ಉಸಿರಿನೊಂದಿಗೆ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದೆ, ಎಷ್ಟು ಸಲ ಕಂಡರೂ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ, ಇವತ್ತು ಮುಗಿಯಲಿಲ್ಲ. ಎಬ್ಬಿಸೋದಾ, ಅಂದರು ಅರಿವಳಿಕೆಯವರು. ಎಬ್ಬಿಸಿ. ಮಿದುಳಿಗೆ ನೋವಿಲ್ಲ, ಕೈಯ ನೋವು ಕಾಲಿನ ನೋವು ಎಲ್ಲವನ್ನೂ ತಿಳಿಯುವ ಅದಕ್ಕೆ ತನ್ನ ನೋವು ತಿಳಿಯದು, ಅದಕ್ಕೇ ಎಬ್ಬಿಸಿ ಮಾತಾಡಿಸುತ್ತಾ ಕೆಲಸ ಮಾಡಬಹುದು, ಸಣ್ಣ ವಿದ್ಯುತ್ತಿನ ಕಡ್ಡಿಯನ್ನು ಒಂದೊಂದು ಜಾಗಕ್ಕೂ ಮುಟ್ಟಿಸಬೇಕು, ಮುಟ್ಟಿಸಿದಾಗ ಮಾತು ನಿಂತರೆ ಅದು ಮಾತಿನ ಜಾಗ, ಅಲ್ಲಿ ಅಂಕಿ ಬರೆದ ಚೀಟಿ ಇಡಬೇಕು, ಹೆಸರುಕಾಳಿನಷ್ಟು ಬಿಳಿಯ ಚೀಟಿ, ಚೀಟಿ ಇದ್ದಲ್ಲಿಗೆ ಚಾಕು ಹೋಗುವುದಿಲ್ಲ. ಹಸಿರು ಬಟ್ಟೆಯ ಆ ಕಡೆ ಪೋಸ್ಟಮ್ಮನ ಮುಖ, ಈ ಕಡೆ ನಾನು, ಅವಳ ಮುಖದ ಹತ್ತಿರ ಮಾತಿನ ಡಾಕ್ಟರು ಫೋಟೋಗಳನ್ನು ಹಿಡಿದು ಕೂತಿದ್ದಾರೆ. ಬೆಳಗಾಯ್ತಾ ಡಾಕ್ಟ್ರಮ್ಮ? ಆಗಲೇ ಆಗಿದೆ, ಹನ್ನೊಂದು ಗಂಟೆ. ಅಯ್ಯೋ, ಇಷ್ಟು ಹೊತ್ತಿಗೆ ನನ್ನ ಅರ್ಧ ಚೀಲ ಖಾಲಿಯಾಗಿರ್ತಿತ್ತು. ನಗು. ಅವಳು ನಕ್ಕರೆ ಮಿದುಳೂ ನಗುತ್ತದೆ, ಸ್ವಲ್ಪ ಅಲುಗುತ್ತದೆ, ನಗಬೇಡಿ ಪೋಸ್ಟಮ್ಮ, ಕೈ ತಪ್ಪುತ್ತೆ. ಒಂದು, ಎರಡು, ಮೂರು ಚೀಟಿ ಇಟ್ಟೆ. ಕಡ್ಡಿ ಮುಟ್ಟಿದಲ್ಲಿ ಮಾತು ನಿಲ್ಲುತ್ತದೆ, ತೆಗೆದರೆ ಕೊಡೆ, ಬೀಗ, ಬಾಚಣಿಗೆ, ಎಲ್ಲ ಸರಿಯಾಗಿ ಹೇಳುತ್ತಿದ್ದಾಳೆ. ನಾಲ್ಕು, ಐದು, ಆರು. ಆಮೇಲೆ ಜನರ ಫೋಟೋಗಳು — ಇದು ಹೊಸ ಕ್ರಮ, ನಾನು ಹೇಳಿ ಮಾಡಿಸಿದ್ದು, ಮಾತಿನ ಡಾಕ್ಟರು ಹುಬ್ಬೇರಿಸಿದ್ದರು, ಮೇಡಂ ಇದು ಪಟ್ಟಿಯಲ್ಲಿ ಇಲ್ವಲ್ಲ. ಇಲ್ಲ. ಅಕ್ಕನ ತಲೆ ತೆರೆದ ದಿನವೂ ಇರಲಿಲ್ಲ.

ಪೋಸ್ಟಮ್ಮನಿಗೆ ನಿನ್ನೆಯೇ ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ. ತುದಿಯ ಆ ತುಂಡನ್ನು ತೆಗೆದರೆ ಹೆಚ್ಚು ದಿನ ಸಿಗಬಹುದು, ಆದರೆ ಜನರ ಹೆಸರುಗಳು ಹೋಗಬಹುದು, ಮುಖ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗುತ್ತೆ, ಹೆಸರು ಬರಲ್ಲ. ಬಿಟ್ಟರೆ ಹೆಸರು ಉಳಿಯುತ್ತೆ, ಗಡ್ಡೆಯೂ ಉಳಿಯುತ್ತೆ. ಹಾಸಿಗೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೇಳಿದಳು, ಹೆಸರಿಲ್ಲದ ಪೋಸ್ಟಮ್ಮ ಅಂದ್ರೆ ಹೇಗೆ ಡಾಕ್ಟ್ರಮ್ಮ, ಇಡೀ ಬೀದಿ ನನ್ನ ನಾಲಿಗೆ ಮೇಲಿದೆ. ಅಲ್ವಾ, ಅಂದೆ, ಹಾಗಾದರೆ ಬಿಡೋಣ. ನನ್ನ ದನಿಯಲ್ಲಿ ಏನೋ ಅವಸರ ಇದ್ದಿರಬೇಕು. ಅವಳು ನನ್ನನ್ನೇ ನೋಡಿದಳು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಅವಳ ಮಗಳು ಕಾಲು ಮಡಿಸಿಕೊಂಡು ಕೂತು ಲೆಕ್ಕದ ಪುಸ್ತಕ ಓದುತ್ತಿತ್ತು, ಒಂಬತ್ತು ವರ್ಷ, ತಂದೆ ಇಲ್ಲ. ತೆಗೀರಿ ಡಾಕ್ಟ್ರಮ್ಮ. ಹೆಸರು ಹಿಡಿದು ಕರೀದಿದ್ರೂ ನನ್ನ ಮಗಳು ಬರ್ತಾಳೆ. ನಾನೇ ಇಲ್ದಿದ್ರೆ ಅವಳು ಯಾರ ಹತ್ರ ಬರ್ತಾಳೆ? ನಾನು ಎದ್ದು ಬಂದೆ. ನಡುಮನೆಯಂಥ ಆ ಉದ್ದ ವಾರ್ಡಿನಲ್ಲಿ ನಡೆಯುತ್ತಾ, ಬರಲಿಲ್ಲ ಪೋಸ್ಟಮ್ಮ, ಎಲ್ಲರೂ ಬರುವುದಿಲ್ಲ, ಬರದೇ ಇದ್ದವಳು ನಿಮ್ಮ ಮುಂದೆಯೇ ಕೂತಿದ್ದಳು, ಎಂದು ಹಿಂತಿರುಗಿ ಹೋಗಿ ಹೇಳಬೇಕು ಅನ್ನಿಸಿತು.

ಅಕ್ಕನನ್ನು ನಾನು ಮುಟ್ಟಬಾರದಿತ್ತು, ಸ್ವಂತ ರಕ್ತಕ್ಕೆ ಚಾಕು ಹಿಡಿಯಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ನಾನೂ ಬೇಡವೆಂದೆ, ಇನ್ನೊಬ್ಬರನ್ನು ಗೊತ್ತುಮಾಡಿದ್ದೆ. ನಿನ್ನ ಕೈ ತಿದ್ದಿದವಳು ನಾನು, ಬೇರೆಯವರ ಕೈ ನನಗೆ ಗೊತ್ತಿಲ್ಲ, ಅಂದಳು, ಅವಳು ಹೇಳಿದ ಮೇಲೆ ಮುಗಿಯಿತು. ಬಟ್ಟೆಯ ಆಚೆ ಅವಳು ಮಾತಾಡುತ್ತಲೇ ಇದ್ದಳು. ಆನೆ ತೋರಿಸಿದರೆ, ಆನೆ, ಇದಕ್ಕೆ ಮಣೆ ಬೇಡ. ಗಡಿಯಾರ ತೋರಿಸಿದರೆ, ಗಡಿಯಾರ, ಹತ್ತೂ ಹತ್ತಕ್ಕೆ ನಿಲ್ಲಿಸಿದ್ದಾರೆ, ಎಲ್ಲ ಅಂಗಡಿಯವರದ್ದೂ ಒಂದೇ ಬುದ್ಧಿ. ನಡುನಡುವೆ, ಚೋಟಿ, ಇನ್ನೆಷ್ಟು ಹೊತ್ತು? ಆಯ್ತಕ್ಕಾ. ಚೋಟಿ, ಬಾಯಿ ಒಣಗ್ತಿದೆ. ಆರು ಚೀಟಿ ಇಟ್ಟಾಗಿತ್ತು, ಏಳನೆಯ ಜಾಗಕ್ಕೆ, ಈ ತುದಿಗೆ, ಕಡ್ಡಿ ಮುಟ್ಟಿಸಿದೆ, ಆಗಲೇ ಅವಳು ಅಂದಳು, ಇವಳೇ, ಇನ್ನೆಷ್ಟು ಹೊತ್ತು? ಇವಳೇ. ಹುಟ್ಟಿದ ಮೇಲೆ ಅಕ್ಕ ನನ್ನನ್ನು ಇವಳೇ ಅಂದದ್ದು ಅದೇ ಮೊದಲು. ಕೇಳಿಸಿತು. ಕೇಳಿಸಲಿಲ್ಲ ಎಂದು ದೇವರ ಮುಂದೆ ಹೇಳಲಾರೆ. ಕೈ ತಾನಾಗಿ ಏಳನೆಯ ಚೀಟಿಯನ್ನು ಅಲ್ಲಿಟ್ಟಿತು. ಆಮೇಲೆ ಕ್ರಮದ ಪ್ರಕಾರ ಮೂರು ಸಲ ಪರೀಕ್ಷೆ, ಕಡ್ಡಿ ಮುಟ್ಟಿಸಿ ಚಿತ್ರ ತೋರಿಸಿದೆವು, ಬೀಗ, ದೋಣಿ, ಚಮಚ, ಮೂರಕ್ಕೆ ಮೂರೂ ಸರಿ. ಚಿತ್ರಕ್ಕೆ ಹೇಳಿದ್ದು ಮಾತ್ರ ಲೆಕ್ಕ, ನಡುವೆ ಆಡಿದ ಮಾತು ಲೆಕ್ಕಕ್ಕಿಲ್ಲ, ಹಾಗೆಂದು ಬರೆದಿದೆ, ಬರೆದದ್ದರಲ್ಲಿ ಅರ್ಧ ನಾನೇ ಬರೆದದ್ದು. ಚಿಮಟದಿಂದ ಚೀಟಿ ಎತ್ತಿದೆ. ಒದ್ದೆಯಾಗಿ ಚಿಮಟದ ತುದಿಗೆ ಅಂಟಿಕೊಂಡಿತು, ಏಳು ಎಂಬ ಅಂಕಿ, ಬಟ್ಟಲಿಗೆ ಝಾಡಿಸಿದರೆ ಬೀಳಲಿಲ್ಲ, ಮತ್ತೆ ಝಾಡಿಸಿದೆ, ಬೀಳಲಿಲ್ಲ, ಕೊನೆಗೆ ಸಿಸ್ಟರು ಹತ್ತಿಯಿಂದ ಒರೆಸಿ ತೆಗೆದರು. ಬೀಳದೆ ಇದ್ದ ಆ ಎರಡು ಗಳಿಗೆ ನನಗೆ ಯಾರೋ ಕೊಟ್ಟ ಸಮಯ. ನಾನು ಬಳಸಿಕೊಳ್ಳಲಿಲ್ಲ, ಆ ತುದಿಯನ್ನು ಕತ್ತರಿಸಿ ತೆಗೆದೆ.

ಮೂರನೆಯ ದಿನ ಎದ್ದು ಕೂತಳು, ಐದನೆಯ ದಿನ ನಡೆದಳು, ವಿಭಾಗದವರೆಲ್ಲ ಬಂದು ನೋಡಿದರು, ಭೇಷ್ ಎಂದರು. ಎಲ್ಲ ಮಾತೂ ಇತ್ತು. ಅಡುಗೆಮನೆಯಲ್ಲಿ ಹೆಸರುಕಾಳು ನೆನೆಹಾಕಿದ್ದೀನಿ ಅನ್ನುತ್ತಿದ್ದಳು, ಹೆಸರುಕಾಳು ಬರುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಅಪ್ಪನ ಫೋಟೋ ನೋಡಿ ಅಪ್ಪ, ಅಂಗಡೀದು, ಎಡಗೈಯವರು, ಇವರ ಹೆಸರು ಏನು ಮಹಾ — ಎಂದು ಕೈ ಚೆಲ್ಲುತ್ತಿದ್ದಳು. ಬೀದಿಯ ಹೆಸರು ಇಲ್ಲ, ಎದುರು ಮನೆಯಾಕೆಯ ಹೆಸರು ಇಲ್ಲ. ನಾನು ಇವಳು. ಇವಳೇ, ಬಂದೆಯಾ. ಇವಳೇ, ಉಂಡೆಯಾ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಕೂತವಳು ಬಾಯಿ ತೆರೆದು, ಎಷ್ಟೋ ಹೊತ್ತು ತೆರೆದುಕೊಂಡೇ ಇದ್ದು, ಕೊನೆಗೆ ಇವನೇ, ಎಲ್ಲರನ್ನೂ ಚೆನ್ನಾಗಿಡು, ಅಂದಳು. ಬಾಗಿಲಲ್ಲಿ ನಿಂತಿದ್ದ ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅಕ್ಕಾ, ನಾನು ಹೇಳಿಕೊಡ್ತೀನಿ, ನನ್ನ ಹಿಂದೆ ಹೇಳು. ಹೇಳಿಕೊಟ್ಟರೆ ಹೇಳುತ್ತಿದ್ದಳು, ನಾನು ಬಾಯಿ ಮುಚ್ಚಿದರೆ ಮತ್ತೆ ಇಲ್ಲ. ಹೋಗಲಿ ಬಿಡೇ, ಅವನಿಗೆ ಗೊತ್ತಾಗುತ್ತೆ, ಅವನ ತಲೇಲೇನು ಗಡ್ಡೆ ಇದೆಯಾ? ಎಂದು ಅವಳೇ ನಕ್ಕಳು. ನನಗೆ ನಗು ಬರಲಿಲ್ಲ. ಹದಿನಾಲ್ಕು ತಿಂಗಳು ಬದುಕಿದಳು, ಚೀಟಿ ಅಲ್ಲೇ ಬಿಟ್ಟಿದ್ದರೆ ಎಂಟೋ ಒಂಬತ್ತೋ, ಹೆಚ್ಚಾದ ಆ ತಿಂಗಳುಗಳನ್ನು ನಾನು ಏನು ಮಾಡಿದೆ — ಹೋಗುವುದನ್ನು ಕಡಿಮೆ ಮಾಡಿದೆ. ದಿನಾ ಹೋಗುತ್ತಿದ್ದವಳು ವಾರಕ್ಕೆರಡು ಸಲ, ಆಮೇಲೆ ಭಾನುವಾರ, ಕೆಲಸ ಅಕ್ಕಾ, ಸಿಕ್ಕಾಪಟ್ಟೆ ಕೆಲಸ. ಇವಳೇ ಅನ್ನುವುದನ್ನು ಕೇಳಲಾಗುತ್ತಿರಲಿಲ್ಲ. ಪ್ರತಿ ಸಲ ಕರೆದಾಗಲೂ ಒದ್ದೆ ಚೀಟಿ ಚಿಮಟದ ತುದಿಯಲ್ಲಿ ಬಂದು ನಿಲ್ಲುತ್ತಿತ್ತು.

ಕೊನೆಯ ಮಧ್ಯಾಹ್ನ. ನೋಡಿಕೊಳ್ಳುವ ನರ್ಸಮ್ಮ ಒಳಗಿದ್ದಾಳೆ ಅಂದುಕೊಂಡು ನಾನು ಅಡುಗೆಮನೆಯ ನಲ್ಲಿಯ ಹತ್ತಿರ ಔಷಧಿಯ ಲೋಟ ತೊಳೆಯುತ್ತಿದ್ದೆ, ಅವಳು ಔಷಧಿ ಅಂಗಡಿಗೆ ಹೋದದ್ದು ನನಗೆ ಗೊತ್ತಿರಲಿಲ್ಲ. ಇವಳೇ, ಅಂದಳು ಅಕ್ಕ. ನರ್ಸಮ್ಮನನ್ನು ಕರೆದಳು ಅಂದುಕೊಂಡೆ, ಅವಳೂ ಇವಳೇ ಅಲ್ಲವೇ, ಇವಳೇ ಅಂದರೆ ಯಾರು ಬೇಕಾದರೂ ಆಗಬಹುದು. ಇವಳೇ. ಲೋಟದ ತಳದಲ್ಲಿ ಅಂಟಿದ್ದ ಔಷಧಿಯನ್ನು ಬೆರಳು ಹಾಕಿ ಉಜ್ಜಿದೆ. ಇವಳೇ. ಮೂರು ಸಲ. ಚಿಕ್ಕಂದಿನಲ್ಲಿ ಅಂಗಡಿಯಿಂದ ಕೂಗುತ್ತಿದ್ದಳು, ಕರೆದ ಮೇಲೆ ಒಂದೇ ಸಲಕ್ಕೆ ಓ ಅನ್ನಬೇಕು ಚೋಟಿ, ಎರಡನೇ ಸಲ ಕರೆಸಬಾರದು, ಕರೆದವರಿಗೆ ಕಾಯೋದು ಎಷ್ಟು ಕಷ್ಟ ಗೊತ್ತಾ. ಲೋಟ ಒರೆಸಿಕೊಂಡು ಒಳಗೆ ಹೋದೆ. ಮುಖ ಬಾಗಿಲ ಕಡೆಗಿತ್ತು, ಕೈ ಹೊದಿಕೆಯ ಹೊರಗೆ ಚಾಚಿತ್ತು, ಗಡಿಯಾರದ ಅಂಗಡಿಯ ಕೈ, ಹೆಬ್ಬೆರಳೂ ತೋರುಬೆರಳೂ ಚಿಮಟ ಹಿಡಿದಂತೆ ಸೇರಿಕೊಂಡಿದ್ದವು, ಉಸಿರು ನಿಂತಿತ್ತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚೀಟಿ ಎತ್ತಿದ್ದಕ್ಕೆ ಕ್ರಮ ಇತ್ತು, ಪಟ್ಟಿ ಇತ್ತು, ಹದಿನಾಲ್ಕು ತಿಂಗಳಿತ್ತು, ಹೇಳಿಕೊಳ್ಳಲು ಏನಾದರೂ ಇತ್ತು. ಓಗೊಡದೆ ಇದ್ದದ್ದಕ್ಕೆ ಏನಿದೆ.

ಮೇಡಂ, ಫೋಟೋ ತೋರಿಸ್ಲಾ, ಅಂದರು ಮಾತಿನ ಡಾಕ್ಟರು. ತೋರಿಸಿ. ಕಡ್ಡಿ ತುದಿಗೆ ಮುಟ್ಟಿಸಿದೆ, ಅದೇ ಜಾಗ, ಕಣ್ಣು ಮುಚ್ಚಿದರೂ ನನ್ನ ಕೈ ಅಲ್ಲಿಗೇ ಹೋಗುತ್ತದೆ. ಇದು ಯಾರು ಪೋಸ್ಟಮ್ಮ? ಇದು, ಇವಳು, ನಮ್ಮ ಇವಳು, ಗೊತ್ತು ಕಣ್ರೀ, ನಾಲಿಗೆ ಮೇಲೇ ಇದೆ. ಕಡ್ಡಿ ತೆಗೆದೆ. ಮಗಳ ಹೆಸರು ತಟ್ಟನೆ ಬಂತು. ಮುಟ್ಟಿಸಿದೆ, ನಮ್ಮ ಇವಳು. ತೆಗೆದೆ, ಹೆಸರು. ಮೂರು ಸಲ. ಏಳನೆಯ ಚೀಟಿಯನ್ನು ಅಲ್ಲಿಟ್ಟೆ, ಬಿಳಿಯದು, ಉಸಿರಿನೊಂದಿಗೆ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದೆ. ಮಾತಿನ ಡಾಕ್ಟರು ಎದ್ದು ನಿಂತು ನೋಡಿದರು, ಅಲ್ಲಿಗೆ ಬಿಡೋದಾ ಮೇಡಂ? ಬಿಡಬಹುದು. ಮಾತಿನ ಜಾಗ, ಆದ್ದರಿಂದ ಬಿಡಲಾಯಿತು, ಎಂದು ಒಂದು ಸಾಲು ಬರೆದರೆ ಯಾರೂ ಕೇಳುವುದಿಲ್ಲ, ಪೋಸ್ಟಮ್ಮನೂ ಕೇಳುವುದಿಲ್ಲ, ಆಗಲಿಲ್ಲ ಅಂದರೆ ಆಗಲಿಲ್ಲ, ಮನೆಗೆ ಹೋಗಿ ಮಗಳನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಎಂಟು ತಿಂಗಳು ಬಾಯಿ ತುಂಬ ಕರೆಯುತ್ತಾಳೆ, ಹುಡುಗಿ ಒಂದೇ ಸಲಕ್ಕೆ ಓ ಅನ್ನುತ್ತದೆ, ಆಮೇಲೆ ಕರೆಯುವವರು ಇರುವುದಿಲ್ಲ. ಅಕ್ಕನಿಗೆ ಕೊಡಬೇಕಾದದ್ದನ್ನು ಇವಳಿಗೆ ಕೊಟ್ಟು ನನ್ನ ಮನಸ್ಸನ್ನು ತೊಳೆದುಕೊಳ್ಳಲೇ, ಇವಳ ದಿನಗಳಲ್ಲಿ. ಇವನೇ, ಏನು ಮಾಡಲಿ — ಯಾರನ್ನು ಕರೆದೆ, ನಲವತ್ತೊಂದು ದಿನದ ಮೇಲೆ ಕರೆದೆ, ಅಕ್ಕ ಕರೆದ ಹಾಗೆಯೇ, ಬಾಯಿಗೆ ಅದೇ ಬಂತು. ಯಂತ್ರ ಟಕ್ ಟಕ್ ಅನ್ನುತ್ತಿದೆ. ಪೋಸ್ಟಮ್ಮ. ಏನು ಡಾಕ್ಟ್ರಮ್ಮ. ನಿನ್ನೆ ಹೇಳಿದ ಜಾಗಕ್ಕೆ ಬಂದಿದ್ದೀನಿ, ಅದೇ ಜಾಗ, ಈಗಲೂ ಬೇಡ ಅನ್ನಬಹುದು. ನಾನು ಮಾತು ಬದಲಾಯಿಸೋಳಲ್ಲ ಡಾಕ್ಟ್ರಮ್ಮ, ಒಂದು ಸಲ ಹೇಳಿಬಿಡ್ತೀನಿ, ಆಮೇಲೆ ತೆಗೀರಿ. ಹೇಳಿದಳು, ಮಗಳ ಹೆಸರು, ನಿಧಾನವಾಗಿ, ಲಕೋಟೆಯ ಮೇಲಿನ ವಿಳಾಸ ಓದುವವಳ ಹಾಗೆ, ಮೊದಲು ಹೆಸರು, ಆಮೇಲೆ ಮನೆ, ಬೀದಿ, ಆಮೇಲೆ ಮತ್ತೆ ಹೆಸರು. ಸಿಸ್ಟರು ಮುಖ ಆಚೆ ತಿರುಗಿಸಿದರು. ಚಿಮಟ ಕೊಡಿ, ಅಂದೆ. ಮಣೆಯ ಮೇಲೆ ಎರಡು ಪಾದವನ್ನೂ ಸರಿಯಾಗಿ ಊರಿದೆ, ಉಸಿರು ಹಿಡಿದೆ, ಚೀಟಿ ಎತ್ತಿದೆ.

ತುಂಡು ಸ್ವಲ್ಪಸ್ವಲ್ಪವಾಗಿ ಬಂತು, ಬೂದಿ ಬಣ್ಣ, ರಕ್ತ ಹೆಚ್ಚಿಲ್ಲ, ಎಷ್ಟು ಹೊತ್ತು ಹಿಡಿಯಿತೋ ಗಡಿಯಾರ ನೋಡಲಿಲ್ಲ. ಚಾಕು ಕೆಳಗಿಟ್ಟು ಚಿಮಟ ಎತ್ತಿಕೊಂಡರೆ ಚೀಟಿ ಇನ್ನೂ ಅದರ ತುದಿಯಲ್ಲೇ ಇದೆ, ಒರೆಸಲು ಯಾರಿಗೂ ನೆನಪಾಗಿಲ್ಲ. ಬಟ್ಟೆಯ ಆಚೆಯಿಂದ ದನಿ ಬಂತು, ಇವರೇ, ಇನ್ನೆಷ್ಟು ಹೊತ್ತು? ಯಾರನ್ನು ಕೇಳಿದಳೋ, ಮಾತಿನ ಡಾಕ್ಟರು ಅವಳ ಮುಖದ ಹತ್ತಿರವೇ ಇದ್ದಾರೆ, ಅರಿವಳಿಕೆಯವರು ತಲೆದೆಸೆಯಲ್ಲಿದ್ದಾರೆ, ಸಿಸ್ಟರು ಇದ್ದಾರೆ, ಇವರೇ ಅಂದರೆ ಯಾರು ಬೇಕಾದರೂ ಆಗಬಹುದು — ಓ, ಅಂದೆ. ಎಲ್ಲರಿಗಿಂತ ಮೊದಲು, ಒಂದೇ ಸಲಕ್ಕೆ, ಎಲ್ಲರೂ ತಲೆಯೆತ್ತಿ ನೋಡುವಷ್ಟು ಜೋರಾಗಿ, ಓ, ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ, ಚಿಮಟದ ತುದಿಯಲ್ಲಿ ಒದ್ದೆ ಚೀಟಿ, ಝಾಡಿಸಿದೆ, ಬೀಳಲಿಲ್ಲ, ಏಳು, ಬಿಳಿಯ ಚೀಟಿ, ಏಳು